ನೆಲಕ್ಕೆ ಸೇರಬೇಕಿದ್ದ ಗೆರೆ

ಕೋಡಿಬಾಗ, ಕಾರವಾರ
೮ ಫೆಬ್ರವರಿ ೨೦೦೪

ಗಾಯತ್ರಿ,

ನಿನ್ನ ವಿಳಾಸ ನನಗೆ ಸಿಕ್ಕದ್ದು ಬಸ್ಸಿನಲ್ಲಿ. ಪಕ್ಕದಲ್ಲಿ ಕುಳಿತಿದ್ದ, ನಿನ್ನ ತವರು ಅವರ್ಸಾದ ಹೆಂಗಸೊಬ್ಬಳು, ನೀನು ಮದುವೆಯಾಗಿ ಅಂಕೋಲೆಯಲ್ಲಿದ್ದೀಯೆಂದೂ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತು ನೋಡಿಕೊಳ್ಳುತ್ತೀಯೆಂದೂ ಹೇಳಿದಳು. ಬೂತಿನ ನಂಬರನ್ನೂ ಕೊಟ್ಟಳು. ಮೂರು ಸಲ ಒತ್ತಿದೆ. ಮೂರು ಸಲವೂ ನಿನ್ನ ಹಲೋ ಕೇಳಿ ಇಟ್ಟುಬಿಟ್ಟೆ. ಆರು ವರ್ಷ ಮಾತಾಡದವಳು ಹಲೋ ಆದ ಮೇಲೆ ಏನು ಹೇಳಬೇಕು? ಅದಕ್ಕೇ ಈ ಕಾಗದ.

ನಾವು ಡಿಪ್ಲೊಮಾ ಓದಿದ ಕಾಲೇಜಿನಲ್ಲೇ ನಾನೀಗ ಲ್ಯಾಬ್ ಇನ್‌ಸ್ಟ್ರಕ್ಟರ್. ಈ ವರ್ಷ ಕಂಪ್ಯೂಟರಿಗೆ ಸಿಮ್ಯುಲೇಶನ್ ಸಾಫ್ಟ್‌ವೇರ್ ಬಂದಿದೆ. ತಂತಿ ಬೇಡ, ಬೆಸುಗೆ ಬೇಡ. ಪರದೆಯ ಮೇಲೆ ಸರ್ಕೀಟಿನ ನಕ್ಷೆ ಬಿಡಿಸಿದರೆ ಸಾಕು, ಕರೆಂಟು ಹರಿದರೆ ಏನಾಗುತ್ತದೆಂದು ಅದೇ ತೋರಿಸುತ್ತದೆ. ಜೂನಿನೊಳಗೆ, ವೋಲ್ಟಿನಿಂದಲೇ ತೆರೆದು ಮುಚ್ಚುವ ಅನಲಾಗ್ ಸ್ವಿಚ್ಚಿನ ಮೇಲೆ ಒಂದು ಪ್ರಯೋಗ ತಯಾರು ಮಾಡು ಎಂದಿದ್ದಾರೆ. ಆ ಹೆಸರು ಕೇಳಿದ ಕೂಡಲೇ ನೆನಪಾದದ್ದು ಕೊನೆಯ ವರ್ಷದ ಪರೀಕ್ಷೆಗೆಂದು ಕಟ್ಟಿದ ನಮ್ಮ ಪೆಟ್ಟಿಗೆ.

ಕಾಳಿ ನದಿಯ ಅಳಿವೆಯಲ್ಲಿ ಉಬ್ಬರ ಏರಿದ ಹಾಗೆ ನಾಲ್ಕು ಸ್ವರ ನುಡಿಯಬೇಕಿದ್ದ ಪೆಟ್ಟಿಗೆ. ನಾಲ್ಕು ಎತ್ತರಕ್ಕೆ ನಾಲ್ಕು ತೇಲುಗುಂಡು, ಒಂದೊಂದಕ್ಕೂ ಐಸಿ ಚಿಪ್ಪಿನೊಳಗಿನ ಒಂದೊಂದು ಸ್ವಿಚ್ಚು. ಮರಳದಿಣ್ಣೆಯ ಮೇಲೆ ದೋಣಿ ದಾಟುವಷ್ಟು ನೀರು ಬಂತೇ ಎಂದು ಮೀನಿಗೆ ಹೋಗುವ ನನ್ನ ಅಪ್ಪ ಮಂಜಿನಲ್ಲೂ ಕಿವಿಯಿಂದಲೇ ತಿಳಿಯಲಿ ಎಂದು ಕಟ್ಟಿದ್ದು. ಈಗ ಮಾಘದ ಮಂಜು ನದಿಯ ಮೇಲೆ ಬೆಳಗಿನ ಎಂಟರ ತನಕ ಮಲಗಿರುತ್ತದೆ. ಸೇತುವೆ ಅರ್ಧ ಕಾಣುತ್ತದೆ, ಅರ್ಧ ಇಲ್ಲ.

ನಮ್ಮ ವರದಿ ಪುಸ್ತಕ ಲೈಬ್ರರಿಯಲ್ಲಿ ಸಿಕ್ಕಿತು. ನಾನು ಬಿಡಿಸಿದ ಸ್ವಚ್ಛ ನಕ್ಷೆ ಅದರಲ್ಲಿದೆ. ಆದರೆ ರೆಸಿಸ್ಟರುಗಳ ಪಟ್ಟಿಯನ್ನು ಗೆದ್ದಲು ತಿಂದಿದೆ. ನಿನ್ನ ನೋಟುಬುಕ್ಕು ಇನ್ನೂ ಇದ್ದರೆ ಆ ನಾಲ್ಕು ಅಂಕಿ ಬರೆದು ಕಳಿಸುತ್ತೀಯಾ?

ಇಷ್ಟಕ್ಕಿಂತ ಹೆಚ್ಚು ಕೇಳಲು ಧೈರ್ಯವಾಗದ,
ಮನಿಷಾ ತಾಂಡೇಲ


ಅಂಕೋಲಾ
೨೦ ಫೆಬ್ರವರಿ ೨೦೦೪

ಮನಿಷಾ,

ಹಲೋ ಕೇಳಿ ಇಡುವವರು ನಮ್ಮ ಬೂತಿಗೆ ಬಹಳ. ನೀನೆಂದು ಗೊತ್ತಾಗಲಿಲ್ಲ. ಬರೆದದ್ದೇ ಒಳ್ಳೆಯದಾಯಿತು. ದಿನವಿಡೀ ಗಾಜಿನ ಒಳಗಿನಿಂದ ಊರವರ ಮಾತು ಕೇಳಿ ಕೇಳಿ, ಸಂಜೆಗೆ ಯಾರ ದನಿಯೂ ಬೇಡವಾಗಿರುತ್ತದೆ.

ನೋಟುಬುಕ್ಕು ಇದೆ. ಹತ್ತು ಕೆ ಓಮ್, ಹದಿನೈದು ಕೆ, ಇಪ್ಪತ್ತೆರಡು ಕೆ, ಮೂವತ್ತಮೂರು ಕೆ. ನೀರು ಏರಿದಂತೆ ಕೊನೆಯದರಿಂದ ಮೊದಲಿಗೆ ಬರಬೇಕು.

ನಾನೀಗ ಬೆಸುಗೆ ಹಾಕುವುದಿಲ್ಲ. ನೀನು ಕೇಳುವ ಮೊದಲೇ ಹೇಳಿದೆ.

ಗಾಯತ್ರಿ


ಕೋಡಿಬಾಗ
೭ ಮಾರ್ಚ್ ೨೦೦೪

ಗಾಯತ್ರಿ,

ಅಂಕಿಗಳಿಗಿಂತ, ನಿನ್ನ ಮೂರು ಎಂಟರ ಹಾಗೆ ಕಾಣುವುದನ್ನು ಮತ್ತೆ ನೋಡಿ ಹೆಚ್ಚು ಖುಷಿಯಾಯಿತು.

ಸಾಫ್ಟ್‌ವೇರ್ ನನ್ನ ಮಾತು ಕೇಳುತ್ತಿಲ್ಲ. ಮೊದಲ ದಿನ, ಈ ಭಾಗದ ಮಾಡೆಲ್ ಸಿಗಲಿಲ್ಲ ಎಂದಿತು. ಐಸಿಯ ಚಿತ್ರವೇನೋ ಪರದೆಯ ಮೇಲಿತ್ತು, ಹದಿನಾಲ್ಕು ಕಾಲುಗಳೂ ಇದ್ದವು. ಆದರೆ ಅದರೊಳಗೆ ಏನು ನಡೆಯುತ್ತದೆಂದು ಯಾರೂ ಅದಕ್ಕೆ ತಿಳಿಸಿರಲಿಲ್ಲ. ಮನೆಯ ಮುಂದೆ ಹೆಸರಿನ ಹಲಗೆ ಇದ್ದು ಒಳಗೆ ಯಾರೂ ಇಲ್ಲದ ಹಾಗೆ. ಕೈಪಿಡಿ ನೋಡಿ ನಾನೇ ಬರೆದೆ: ಕರೆಂಟಿಗೆ ದಾರಿ ತೆರೆದಾಗ ಎಷ್ಟು ತಡೆ, ಮುಚ್ಚಿದಾಗ ಎಷ್ಟು ತಡೆ, ಎಷ್ಟು ವೋಲ್ಟಿಗೆ ತೆರೆಯಬೇಕು.

ಈಗ ಬೇರೊಂದು ತಕರಾರು. ಓಡಲು ಶುರುವಾಗುತ್ತದೆ. ನೀರು ಮೊದಲ ತೇಲುಗುಂಡನ್ನು ಮುಟ್ಟುವ ಕ್ಷಣಕ್ಕೆ ಬಂದು ನಿಂತುಬಿಡುತ್ತದೆ. ಕಾಲದ ಹೆಜ್ಜೆ ತೀರಾ ಚಿಕ್ಕದಾಯಿತು ಎಂದು ಕೆಂಪಕ್ಷರದಲ್ಲಿ ಬರೆಯುತ್ತದೆ. ಕೈಪಿಡಿಯ ಪ್ರಕಾರ ಅದು ಕಾಲವನ್ನು ತುಂಡು ತುಂಡು ಮಾಡಿ ಲೆಕ್ಕ ಹಾಕುತ್ತದಂತೆ. ಉತ್ತರ ಕೂಡದಿದ್ದರೆ ತುಂಡನ್ನು ಇನ್ನೂ ಚಿಕ್ಕದು ಮಾಡುತ್ತದೆ, ಮತ್ತೂ ಚಿಕ್ಕದು, ಕಡೆಗೆ ಕೈಚೆಲ್ಲುತ್ತದೆ. ಮಧ್ಯಾಹ್ನ ಲ್ಯಾಬು ಖಾಲಿಯಾದ ಮೇಲೆ ಒಬ್ಬಳೇ ಕುಳಿತು ಆ ನಿಂತ ಕ್ಷಣವನ್ನು ನೋಡುತ್ತಿರುತ್ತೇನೆ. ಫ್ಯಾನು ತಿರುಗುತ್ತದೆ, ಕಿಟಕಿಯಾಚೆ ಗಾಳಿಮರಗಳು ಓಲಾಡುತ್ತವೆ, ಪರದೆಯ ಮೇಲಿನ ನೀರು ಮಾತ್ರ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ನೀನಿದ್ದರೆ ಏನು ಮಾಡುತ್ತಿದ್ದೆ?

ಮನಿಷಾ


ಅಂಕೋಲಾ
೨೧ ಮಾರ್ಚ್ ೨೦೦೪

ಮನಿಷಾ,

ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಆದರೆ ನಿನ್ನ ನಿಂತ ನೀರು ವಾರವೆಲ್ಲ ತಲೆಯಲ್ಲಿ ನಿಂತಿತ್ತು. ಬೂತಿನಲ್ಲಿ ಯಾರೋ ಮುಂಬಯಿಗೆ ಮಾತಾಡುತ್ತಿದ್ದರು, ನಾನು ರಸೀದಿಯ ಹಿಂದೆ ಸ್ವಿಚ್ಚು ಬಿಡಿಸುತ್ತಿದ್ದೆ. ಎಷ್ಟು ವರ್ಷವಾಗಿತ್ತು ಮಾರಾಯ್ತಿ.

ನೀನು ಸ್ವಿಚ್ಚನ್ನು ತಟಕ್ಕನೆ ತೆರೆಯುವ ಹಾಗೆ ಬರೆದಿದ್ದೀಯಾ? ಒಂದು ವೋಲ್ಟಿನಲ್ಲಿ ಪೂರಾ ಮುಚ್ಚಿ, ಅದರ ಮೇಲೆ ಕೂದಲೆಳೆಯಷ್ಟು ಹೋದರೆ ಪೂರಾ ತೆರೆದು? ಹಾಗಿದ್ದರೆ ಕಂಪ್ಯೂಟರಿನದು ತಪ್ಪಲ್ಲ. ಅವರ್ಸಾದಲ್ಲಿ ಹೊಳೆಯಂಚಿನ ನಮ್ಮ ಗಜನಿ ಗದ್ದೆಗೆ ಉಪ್ಪುನೀರು ಬಿಡುವ ತೂಬು ನೀನು ನೋಡಿದ್ದೀ. ಅದರ ಹಲಗೆಯನ್ನು ಅವ್ವ ಯಾವತ್ತೂ ಒಂದೇ ಸಲ ಎತ್ತಿದವಳಲ್ಲ. ‘ಮೆಲ್ಲ ಎತ್ತೇ, ನೀರಿಗೆ ದಾರಿ ತಿಳೀಬೇಕು’ ಅನ್ನುತ್ತಿದ್ದಳು. ನಿನ್ನ ಸ್ವಿಚ್ಚಿಗೂ ತೆರೆಯಲು ಶುರುವಾಗುವುದಕ್ಕೆ ಒಂದು ವೋಲ್ಟು, ಪೂರ್ತಿ ತೆರೆಯುವುದಕ್ಕೆ ಇನ್ನೊಂದು ವೋಲ್ಟು ಕೊಡು. ನಡುವೆ ಜಾಗ ಬಿಡು. ಇನ್ನೊಂದು: ಮುಚ್ಚಿದಾಗಿನ ತಡೆಗೆ ಎಷ್ಟು ಸೊನ್ನೆ ಹಾಕಿದ್ದೀ? ಮುಚ್ಚಿದ ಹಲಗೆಯಲ್ಲೂ ನೀರು ಜಿನುಗುತ್ತದೆ. ಸ್ವಲ್ಪ ಜಿನುಗಲು ಬಿಡು.

ಅವ್ವ ಚೆನ್ನಾಗಿದ್ದಾಳೆ. ಈಗಲೂ ನಮ್ಮ ಮನೆಗೆ ಬಂದವರಿಗೆ, ‘ಗಾಯತ್ರಿಗೆ ತಲೆ ಇತ್ತು, ಕೈ ಮಾತ್ರ ಚಲೋ ಇಲ್ಲ, ಪರೀಕ್ಷೆ ದಿನವೇ ಹಾಳು ಮಾಡ್ತು’ ಎಂದು ಹೇಳುತ್ತಾಳೆ. ಬೈಗುಳವಲ್ಲ, ಮಳೆ ಬಂತು ಅನ್ನುವ ಹಾಗೆ ಹೇಳುತ್ತಾಳೆ. ಫೇಲಾದ ಮೇಲೆ ಆರು ತಿಂಗಳಿಗೆ ಮತ್ತೆ ಪರೀಕ್ಷೆಗೆ ಕೂರಬಹುದಿತ್ತು. ಕೈಗೆ ಒಗ್ಗದ್ದು ಬಿಡು ಎಂದಳು. ನಾನೂ ಬಿಟ್ಟೆ. ಮೊನ್ನೆ ಪಕ್ಕದ ಮನೆಯ ಬೀರಿ ರೇಡಿಯೋ ತಂದಳು, ಒಂದು ತಂತಿ ಬಿಟ್ಟಿತ್ತು ಅಷ್ಟೆ. ಪೇಟೆಗೆ ಒಯ್ಯಿ ಅಂದೆ.

ಸ್ವಿಚ್ಚು ಓಡಿತೋ ಇಲ್ಲವೋ ತಿಳಿಸು.

ಗಾಯತ್ರಿ


ಕೋಡಿಬಾಗ
೧೮ ಏಪ್ರಿಲ್ ೨೦೦೪

ಗಾಯತ್ರಿ,

ಓಡಿತು. ಎರಡು ವೋಲ್ಟಿಗೆ ತೆರೆಯಲು ಶುರು, ಮೂರಕ್ಕೆ ಪೂರ್ತಿ ಎಂದು ಬರೆದೆ. ಮುಚ್ಚಿದಾಗಿನ ತಡೆಯ ಸೊನ್ನೆಗಳನ್ನು ಅರ್ಧಕ್ಕಿಳಿಸಿದೆ. ಕೆಂಪಕ್ಷರ ಮತ್ತೆ ಬರಲಿಲ್ಲ. ಆರು ತಾಸಿನ ಉಬ್ಬರ ಪರದೆಯ ಮೇಲೆ ಒಂದೇ ಸೆಕೆಂಡಿನಲ್ಲಿ ಏರಿತು. ಹಸಿರು ಗೆರೆ ಎಡದಿಂದ ಬಲಕ್ಕೆ ತೆರೆಯ ಹಾಗೆ ಸರಿಯಿತು. ಕಾಲೇಜಿನಿಂದ ಮನೆಗೆ ಬರುವಾಗ ನದಿ ತೀರಾ ನಿಧಾನವಾಗಿ ಕಂಡಿತು.

ಆದರೆ ಸ್ವರ ಬದಲಾಗುತ್ತಿಲ್ಲ. ನೀರು ತಳದಲ್ಲಿರುವಾಗಲೂ ಅದು ನಾಲ್ಕನೆಯ ಸ್ವರವನ್ನೇ ನುಡಿಯುತ್ತದೆ. ನೆನಪಿದೆಯಲ್ಲ, ಪರೀಕ್ಷೆಯ ದಿನ? ಖಾಲಿ ಬಕೆಟಿನಲ್ಲಿ ತೇಲುಗುಂಡು ಇಳಿಬಿಟ್ಟಿದ್ದೆವು, ಪೆಟ್ಟಿಗೆ ತುಂಬಿದ ಉಬ್ಬರದ ಕೀರಲು ಸ್ವರದಲ್ಲಿ ಕೂಗುತ್ತಲೇ ಇತ್ತು. ಅದೇ ಸ್ವರ.

ಮಾಡೆಲ್ಲಿನಲ್ಲೇ ದೋಷವಿರಬೇಕೆಂದು ಮತ್ತೆ ಹುಡುಕಿದೆ. ಚಿತ್ರದಲ್ಲಿ ಕಾಲುಗಳ ಕ್ರಮ ಒಂದು, ಮಾಡೆಲ್ಲಿನಲ್ಲಿ ನಾನು ಬರೆದ ಕ್ರಮ ಇನ್ನೊಂದು ಆಗಿತ್ತು. ಸರಿಪಡಿಸಿದೆ. ಆದರೂ ಅದೇ. ನಿನ್ನೆ ಸ್ವಿಚ್ಚನ್ನು ಒಂಟಿಯಾಗಿ ಹೊರಗೆ ತೆಗೆದು, ಒಂದು ಬ್ಯಾಟರಿ, ಒಂದು ರೆಸಿಸ್ಟರು ಹಾಕಿ ಪರೀಕ್ಷಿಸಿದೆ. ಚೊಕ್ಕವಾಗಿ ತೆರೆದು ಮುಚ್ಚಿತು. ಅಂದ ಮೇಲೆ ಸ್ವಿಚ್ಚಿನದು ಏನೂ ತಪ್ಪಿಲ್ಲ.

ನಿನ್ನ ನೋಟುಬುಕ್ಕಿನ ಕಚ್ಚಾ ನಕ್ಷೆ, ಬೆಸುಗೆಯಿಲ್ಲದೆ ತಂತಿ ಚುಚ್ಚಿ ಬ್ರೆಡ್‌ಬೋರ್ಡ್ ಮೇಲೆ ಕಟ್ಟುವಾಗ ನೀನು ಪೆನ್ಸಿಲಿನಲ್ಲಿ ಬಿಡಿಸಿದ್ದು, ಆ ಪುಟ ಕಳಿಸುತ್ತೀಯಾ?

ಮನಿಷಾ


ಅಂಕೋಲಾ
೨೬ ಏಪ್ರಿಲ್ ೨೦೦೪

ಪ್ರೀತಿಯ ಮನಿಷಾ,

ಪುಟವನ್ನೇ ಹರಿದು ಇಟ್ಟಿದ್ದೇನೆ. ಜೆರಾಕ್ಸಿನಲ್ಲಿ ಪೆನ್ಸಿಲು ಮೂಡಲಿಲ್ಲ.

ಹರಿಯುವಾಗ ನಿಮ್ಮ ಮನೆಯ ಜಗಲಿ ಕಣ್ಣ ಮುಂದೆ ಬಂತು. ಆ ದಿನ ಬ್ರೆಡ್‌ಬೋರ್ಡ್ ಮೇಲೆ ಪೆಟ್ಟಿಗೆ ಸರಿಯಾಗಿ ಹಾಡಿತ್ತು ಅಲ್ಲವೇ? ನಿಮ್ಮ ಅಪ್ಪ ತುಳಸಿದಾಸ ಮಾಮ ಬಲೆ ಬದಿಗಿಟ್ಟು ಕೇಳಿದ್ದರು. ನಾಲ್ಕು ಸ್ವರ, ಒಂದಾದ ಮೇಲೊಂದು. ಮರುದಿನ ನೀನು ಸ್ವಚ್ಛ ನಕ್ಷೆ ಬಿಡಿಸಿದೆ, ಅದನ್ನು ನೋಡಿಕೊಂಡು ನಾನು ಬೆಸೆದೆ. ಎಲ್ಲಿ ಕೈ ತಪ್ಪಿತೋ ಈವತ್ತಿಗೂ ಗೊತ್ತಿಲ್ಲ.

ಇತ್ತೀಚೆಗೆ ಒಂದು ಕನಸು ಮತ್ತೆ ಮತ್ತೆ ಬೀಳುತ್ತದೆ. ಬೂತಿನ ಗಾಜಿನ ಕೋಣೆಯಲ್ಲಿ ನೀರು ಏರುತ್ತಿರುತ್ತದೆ. ಹೆದರಿಕೆಯಾಗುವುದಿಲ್ಲ. ಮೊಣಕಾಲಿಗೆ ಬಂದಾಗ ಒಂದು ಸ್ವರ, ಸೊಂಟಕ್ಕೆ ಬಂದಾಗ ಇನ್ನೊಂದು. ನಾಲ್ಕನೆಯದು ಬರುವ ಮೊದಲೇ ಎಚ್ಚರ.

ಶಿವಾನಂದ, ನನ್ನ ಗಂಡ, ಇದ್ಯಾರು ಇಷ್ಟು ಕಾಗದ ಬರೆಯುವವರು ಎಂದು ಕೇಳಿದರು. ಗೆಳತಿ ಅಂದೆ. ಹೇಳಿದ ಮೇಲೆ ನಿಜ ಅನ್ನಿಸಿತು.

ನಿನ್ನ ಗಾಯತ್ರಿ


ಅಂಕೋಲಾ
೪ ಜುಲೈ ೨೦೦೪

ಮನಿಷಾ,

ಪುಟ ಮುಟ್ಟಲಿಲ್ಲವೇ? ಎರಡು ತಿಂಗಳಾಯಿತು. ಮೇ ತಿಂಗಳಲ್ಲಿ ರಜೆ ಅಂದುಕೊಂಡೆ. ಜೂನಿನಲ್ಲಿ ಮಳೆಗೆ ಅಂಚೆ ತಡವಾಯಿತು ಅಂದುಕೊಂಡೆ. ಮನೆಯಲ್ಲಿ ಎಲ್ಲರೂ ಸೌಖ್ಯವೇ?

ಪ್ರಯೋಗ ಕೂಡಿಬರದಿದ್ದರೆ ಬಿಡು. ನನ್ನ ಬೆಸುಗೆಯ ತಪ್ಪು ಹುಡುಕಿ ಹುಡುಕಿ ನೀನು ಯಾಕೆ ದಣಿಯಬೇಕು. ಎರಡು ಸಾಲು ಬರೆ, ಸಾಕು.

ಗಾಯತ್ರಿ


ಕೋಡಿಬಾಗ
೧೧ ಜುಲೈ ೨೦೦೪

ಗಾಯತ್ರಿ,

ಪುಟ ಮೇ ಒಂದಕ್ಕೇ ಮುಟ್ಟಿತು. ಅಂದಿನಿಂದಲೂ ನನಗೆ ಗೊತ್ತಿದೆ.

ನಿನ್ನ ಪುಟವನ್ನೂ ನನ್ನ ಸ್ವಚ್ಛ ನಕ್ಷೆಯನ್ನೂ ಕಿಟಕಿಯ ಗಾಜಿಗೆ ಒಂದರ ಮೇಲೊಂದು ಹಿಡಿದು ನೋಡಿದೆ. ಎಲ್ಲ ಗೆರೆ ಕೂಡಿದವು, ಒಂದು ಮಾತ್ರ ಇಲ್ಲ. ನೀರಿಲ್ಲದಾಗ ಸ್ವಿಚ್ಚು ಮುಚ್ಚಿರಲೆಂದು ಐಸಿಯ ನಾಲ್ಕು ನಿಯಂತ್ರಣದ ಕಾಲುಗಳನ್ನು ನಾಲ್ಕು ರೆಸಿಸ್ಟರಿನ ಮೂಲಕ ಗ್ರೌಂಡಿಗೆ ಎಳೆಯಬೇಕಿತ್ತು. ಅದನ್ನು ನಾವು ನೆಲ ಎಂದೇ ಕರೆಯುತ್ತಿದ್ದೆವು. ನಿನ್ನ ಪೆನ್ಸಿಲು ನಾಲ್ಕನ್ನೂ ಒಂದು ಗೆರೆಯಲ್ಲಿ ಕೂಡಿಸಿ ನೆಲಕ್ಕೆ ಇಳಿಸಿದೆ. ನಾನು ಸ್ವಚ್ಛ ಪ್ರತಿ ಮಾಡುವಾಗ, ಚಿತ್ರ ಚಂದ ಕಾಣಲೆಂದು ರೆಸಿಸ್ಟರುಗಳನ್ನು ಮೇಲಕ್ಕೆ ಸರಿಸಿದೆ. ಗೆರೆಯನ್ನೂ ಮೇಲಿದ್ದ ಬ್ಯಾಟರಿಯ ಪ್ಲಸ್ ತಂತಿಗೇ ಕೂಡಿಸಿಬಿಟ್ಟೆ. ನೀರಿರಲಿ, ಇಲ್ಲದಿರಲಿ, ನಾಲ್ಕೂ ಸ್ವಿಚ್ಚು ಸದಾ ತೆರೆದೇ ಇದ್ದವು.

ಪರದೆಯ ಮೇಲೆ ಆ ಒಂದು ಗೆರೆಯನ್ನು ಕೆಳಗಿಳಿಸಿದೆ. ನಾಲ್ಕು ಸ್ವರವೂ ಬಂದವು.

ನಿನ್ನ ಒಂದು ಬೆಸುಗೆಯೂ ತಪ್ಪಿರಲಿಲ್ಲ. ನಾನು ಬಿಡಿಸಿದ್ದನ್ನು ನೀನು ಎಳ್ಳಷ್ಟೂ ಬಿಡದೆ ಹಾಗೇ ಬೆಸೆದಿದ್ದೆ.

ಇದನ್ನು ಬರೆಯಲು ಎಪ್ಪತ್ತು ದಿನ ಹಿಡಿಯಿತು. ಪ್ರೀತಿಯ ಮನಿಷಾ ಎಂದು ನೀನು ಬರೆದ ಕಾಗದದಲ್ಲೇ ಆ ಪುಟ ಬಂದಿತ್ತು. ಇದನ್ನು ಬರೆದರೆ ನೀನು ಮತ್ತೆ ಹಾಗೆ ಬರೆಯುವುದಿಲ್ಲ ಎಂದು ಹೆದರಿದೆ. ಮೊನ್ನೆಯ ಕಾಗದದಲ್ಲಿ ‘ನನ್ನ ಬೆಸುಗೆಯ ತಪ್ಪು’ ಎಂದು ಓದಿದ ಮೇಲೆ ಹೆದರಿಕೆಗಿಂತ ನಾಚಿಕೆ ದೊಡ್ಡದಾಯಿತು.

ನಿನ್ನ ಪುಟವನ್ನು ಇದರೊಂದಿಗೆ ವಾಪಸು ಕಳಿಸಿದ್ದೇನೆ. ನನ್ನ ನಕ್ಷೆಯ ಪ್ರತಿಯೂ ಇದೆ. ಗಾಜಿಗೆ ಹಿಡಿದು ನೀನೇ ನೋಡು.

ಮನಿಷಾ


ಅಂಕೋಲಾ
೧೯ ಸೆಪ್ಟೆಂಬರ್ ೨೦೦೪

ಮನಿಷಾ,

ನೋಡಿದೆ. ಬೂತಿನ ಗಾಜಿಗೇ ಹಿಡಿದು ನೋಡಿದೆ. ಆಮೇಲೆ ಇಡೀ ಮಳೆಗಾಲ ಬೇಕಾಯಿತು ಇದನ್ನು ಬರೆಯಲು.

ನಕ್ಷೆಯಲ್ಲಿ ತಪ್ಪಾದದ್ದಕ್ಕೆ ನನಗೆ ಸಿಟ್ಟಿಲ್ಲ. ಯಾರ ಕೈಯಲ್ಲೂ ಗೆರೆ ಮೇಲೆ ಕೆಳಗೆ ಆಗಬಹುದು. ನಿನಗೂ ಅಂದು ಗೊತ್ತಿರಲಿಲ್ಲ. ಆದರೆ ಪರೀಕ್ಷಕರು, ಬೆಸುಗೆ ಹಾಕಿದ್ದು ಯಾರು ಎಂದು ಕೇಳಿದಾಗ ನೀನು ಮಾತಾಡಲಿಲ್ಲ. ನನ್ನತ್ತ ಬೆರಳು ತೋರಿಸಿದೆ. ಆ ಬೆಸುಗೆಗಳನ್ನು ನಾನು ಮೂರು ಸಲ ಮೀಟರಿನಲ್ಲಿ ನೋಡಿದ್ದು ನಿನಗೆ ಗೊತ್ತಿತ್ತು. ನೀನು ಪಕ್ಕದಲ್ಲೇ ಕುಳಿತು ದೀಪ ಹಿಡಿದಿದ್ದೆ. ‘ಇಬ್ಬರೂ ಮಾಡಿದ್ದು ಸಾರ್’ ಅನ್ನಬಹುದಿತ್ತು. ಅದೊಂದು ಮಾತು.

ಈ ಆರು ವರ್ಷ ನಾನು ಒಲೆಯ ಮೇಲಿನ ಹಾಲು ಇಳಿಸುವಾಗಲೂ ನನ್ನ ಕೈಯನ್ನು ಸಂಶಯದಿಂದ ನೋಡಿದ್ದೇನೆ. ಇದು ನಿನಗೆ ತಿಳಿದಿರಲಿ.

ಒಂದು ಕೆಲಸ ಮಾಡು. ಅವರ್ಸಾಕ್ಕೆ ಹೋಗು. ನನಗೆ ಹೇಳಿದ್ದನ್ನು ಅವ್ವನಿಗೆ ಹೇಳು. ಅವಳಿಗೆ ಓದಲು ಬರುವುದಿಲ್ಲ, ಹಾಗಾಗಿ ಕಾಗದ ಆಗುವುದಿಲ್ಲ, ಬಾಯಲ್ಲೇ ಹೇಳಬೇಕು. ನಾನು ಅಲ್ಲಿರುವುದಿಲ್ಲ. ಇದ್ದರೆ ನೀನು ನನ್ನ ಮುಖ ನೋಡಿ ಹೇಳುತ್ತೀ. ಅವಳ ಮುಖ ನೋಡಿ ಹೇಳು.

ಗಾಯತ್ರಿ


ಕೋಡಿಬಾಗ
೨೪ ಅಕ್ಟೋಬರ್ ೨೦೦೪

ಗಾಯತ್ರಿ,

ಈವತ್ತು ಹೋಗಿದ್ದೆ. ಈಗಷ್ಟೇ ಮನೆಗೆ ಬಂದು, ಕಾಲು ತೊಳೆದು ಬರೆಯುತ್ತಿದ್ದೇನೆ.

ನಿನ್ನ ಅವ್ವ ಗದ್ದೆಯಲ್ಲಿದ್ದರು. ಸುಕ್ರಿ ಎಂಬ ಹೆಂಗಸು ಮತ್ತು ಅವರು ಭತ್ತ ಕೊಯ್ಯುತ್ತಿದ್ದರು. ಬಿಸಿಲು ಇನ್ನೂ ಎಳೆಯದಿತ್ತು, ತೆನೆಗಳ ಮೇಲೆ ಹೊಗೆಯಂಥ ತೇವ. ನಾನು ಬದುವಿನ ಮೇಲೆ ನಿಂತೆ.

‘ಯಾರ ಪೈಕಿ ನೀನು?’ ಎಂದರು.

‘ತುಳಸಿದಾಸರ ಮಗಳು, ಅವ್ವ. ಮನಿಷಾ. ಗಾಯತ್ರಿ ಸಂಗಡ ಕಲ್ತವಳು.’

‘ಹೌದೇ. ಆವಾಗ ಬಾಳ ಸಪೂರ ಇದ್ದೆ.’

ನಾನು ಹೇಳಿದೆ. ರೆಸಿಸ್ಟರು, ಐಸಿ ಎಂದೆಲ್ಲ ಹೇಳಲಿಲ್ಲ. ಹಲಗೆ ಎಲ್ಲಿ ಕೂರಿಸಬೇಕೆಂದು ತೋರಿಸಿದವಳು ನಾನು, ತೋರಿಸಿದ ಜಾಗವೇ ತಪ್ಪು, ನಿಮ್ಮ ಮಗಳು ಅದನ್ನು ಸರಿಯಾಗಿಯೇ ಕೂರಿಸಿದ್ದಳು ಎಂದೆ. ಅವಳ ಕೈ ತಪ್ಪಲಿಲ್ಲ ಎಂದೆ. ದೊಡ್ಡವರು ಕೇಳಿದಾಗ ನನ್ನನ್ನು ಉಳಿಸಿಕೊಳ್ಳಲು ಅವಳತ್ತ ಬೆರಳು ತೋರಿಸಿದೆ ಎಂದೂ ಹೇಳಿದೆ. ಅವರ ಮುಖ ನೋಡಿಯೇ ಹೇಳಿದೆ.

ಅವರು ಬಗ್ಗಿ, ಹಿಡಿದಿದ್ದ ಸಾಲನ್ನು ತುದಿಯ ತನಕ ಕೊಯ್ದರು. ನಾನು ನಿಂತೇ ಇದ್ದೆ. ಸಾಲು ಮುಗಿದ ಮೇಲೆ ನೆಟ್ಟಗಾಗಿ, ಕತ್ತಿಯನ್ನು ಸುಕ್ರಿಯ ಕೈಗೆ ಕೊಟ್ಟರು.

‘ನೀ ಒಂದ್ ಸಲ ತೋರ್ಸ್ದೆ’ ಎಂದರು. ‘ನಾ ಆರು ವರ್ಷ ಹೇಳ್ದೆ. ಮದುವೆ ಮಾತಿಗೆ ಬಂದವರ ಎದುರೂ ಹೇಳ್ದೆ.’

ನಾನೇನೋ ಹೇಳಲು ಹೊರಟೆ. ಕೈಯೆತ್ತಿ ತಡೆದರು. ‘ಅಂಕೋಲೆ ಬಸ್ಸು ಎಷ್ಟೊತ್ತಿಗೆ?’ ಎಂದು ಕೇಳಿದರು.

ಕಾಲುವೆಯಲ್ಲಿ ಕೈಕಾಲು ತೊಳೆದರು. ಸೀರೆ ಬದಲಿಸಲಿಲ್ಲ, ಮನೆಗೂ ಹೋಗಲಿಲ್ಲ. ರಸ್ತೆಯ ತನಕ ನನ್ನ ಮುಂದೆ ನಡೆದರು. ನಿಮ್ಮ ಕಡೆಯ ಬಸ್ಸೇ ಮೊದಲು ಬಂತು. ಹತ್ತಿ ಕುಳಿತ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಉಂಡ್ಕೊಂಡು ಹೋಗ್ಬೇಕಿತ್ತು ನೀನು’ ಎಂದರು. ಬಸ್ಸು ಹೊರಟಿತು.

ಈ ಕಾಗದ ಮುಟ್ಟುವ ಮೊದಲೇ ಅವರು ನಿನ್ನ ಮುಂದೆ ಕುಳಿತು ಎದ್ದು ಹೋಗಿರುತ್ತಾರೆ. ಏನು ಮಾತಾಯಿತೆಂದು ನಾನು ಕೇಳುವುದಿಲ್ಲ.

ಇಬ್ಬರೂ ಮಾಡಿದ್ದು ಎಂದು ಅಂದು ಹೇಳಬೇಕಿದ್ದ,
ಮನಿಷಾ


ಅಂಕೋಲಾ
೭ ನವೆಂಬರ್ ೨೦೦೪

ಮನಿಷಾ,

ಅವ್ವ ಬಂದಾಗ ಬೂತಿನಲ್ಲಿ ಯಾರೋ ಗೋವಾಕ್ಕೆ ಜೋರಾಗಿ ಮಾತಾಡುತ್ತಿದ್ದರು. ಸೆರಗಿನ ತುದಿಯಲ್ಲಿ ಕೆಸರು ಒಣಗಿತ್ತು. ಬೆಂಚಿನ ಮೇಲೆ ಗಿರಾಕಿಯ ಹಾಗೆ ಕುಳಿತಳು. ಏನಾಯ್ತೇ ಅವ್ವ ಎಂದರೆ, ಅವರದು ಮುಗೀಲಿ ಎಂದಳು.

ಅವರು ಹೋದ ಮೇಲೆ ಅವ್ವ ಎದ್ದು ತಾನೇ ಗಾಜಿನ ಕೋಣೆಯೊಳಗೆ ಹೋದಳು. ನನ್ನನ್ನೂ ಕರೆದಳು. ಒಬ್ಬರು ನಿಲ್ಲುವ ಜಾಗ ಅದು. ಬಾಗಿಲು ಎಳೆದುಕೊಂಡಳು. ಹೊರಗಿನ ಬಸ್ಸು, ಹಾರ್ನು ಎಲ್ಲ ದೂರವಾಯಿತು. ಅವಳ ಮೈಯಿಂದ ಹೊಸ ಹುಲ್ಲಿನ ವಾಸನೆ ಬರುತ್ತಿತ್ತು. ನನ್ನ ಎರಡೂ ಕೈ ಹಿಡಿದು ಮಾತಾಡಿದಳು. ಏನೆಂದಳು ಎಂಬುದನ್ನು ಬರೆಯುವುದಿಲ್ಲ, ಅದು ನನ್ನಲ್ಲೇ ಇರಲಿ. ಹೊರಗೆ ನಿಂತ ಗಿರಾಕಿಗಳು ಗಾಜು ತಟ್ಟುತ್ತಿದ್ದರು, ನಾವು ತೆರೆಯಲಿಲ್ಲ.

ಆ ಪರೀಕ್ಷೆಗೆ ಇನ್ನು ಕೂರಲು ಬರುವುದಿಲ್ಲ, ಅವಧಿ ದಾಟಿಹೋಗಿದೆ. ಅದರ ದುಃಖ ಇದೆ. ನಿನ್ನ ಬೆರಳನ್ನು ಮರೆತಿದ್ದೇನೆ ಎಂದೂ ಹೇಳಲಾರೆ. ಆದರೂ ಮುಂದಿನ ಭಾನುವಾರ ಬಾ. ದೀಪಾವಳಿಯ ಪಾಡ್ಯ ದಾಟಿರುತ್ತದೆ, ಅವ್ವನೂ ಬರುತ್ತಾಳೆ. ಈ ಸಲ ಉಂಡೇ ಹೋಗಬೇಕಂತೆ.

ನಿನ್ನೆ ಪೇಟೆಯಿಂದ ಸೋಲ್ಡರಿಂಗ್ ಐರನ್ ತಂದೆ. ಬೀರಿಯ ರೇಡಿಯೋ ಪೇಟೆಗೆ ಹೋಗದೆ ಹಾಗೇ ಬಿದ್ದಿತ್ತು, ಅದನ್ನೇ ತರಿಸಿಕೊಂಡೆ. ಅಡಿಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಟ್ಟೆ. ಮೊದಲ ಬೆಸುಗೆ ಬೂದುಬಣ್ಣದ ಗಂಟಾಗಿ ಬಂತು. ಕಾಸಿ ತೆಗೆದೆ, ಉಸಿರು ಬಿಟ್ಟು ಮತ್ತೆ ಹಾಕಿದೆ.

ಎರಡನೆಯದು ಚೆನ್ನಾಗಿ ಕೂತಿತು.

ನಿನ್ನ ಗಾಯತ್ರಿ